ಅಜ್ಜನಿಗೆ ಬಡಿಸಿದ ಎಲೆ

ಹುರಿದ ಕೊತ್ತಂಬರಿ, ತೆಂಗಿನಕಾಯಿಯ ಪರಿಮಳ ಬಂದರೆ ಈಗಲೂ ನನ್ನ ಕೈ ತಾನಾಗಿ ಉಪ್ಪಿನ ಭರಣಿಯತ್ತ ಹೋಗುತ್ತದೆ.

ಅಜ್ಜನಿಗೆ ಬಿ.ಪಿ. ಇತ್ತು. ಕೊನೆಯ ಎರಡು ವರ್ಷ ಅಮ್ಮ ಅವರಿಗೆ ಉಪ್ಪಿಲ್ಲದೆ ಬೇರೆಯೇ ಅಡುಗೆ ಮಾಡುತ್ತಿದ್ದಳು. "ಒಂದು ಹರಳು ತಾ ಮಗಾ" ಎಂದು ಅವರು ನನ್ನಲ್ಲಿ ಗುಟ್ಟಾಗಿ ಕೇಳುತ್ತಿದ್ದರು. ಅಮ್ಮನ ಹೆದರಿಕೆಗೆ ನಾನು ಕೊಡುತ್ತಿರಲಿಲ್ಲ.

ಅವರು ತೀರಿಕೊಂಡ ವರ್ಷ, ಹಿರಿಯರಿಗೆ ಬಡಿಸುವ ದಿನ, ಅಮ್ಮ ಅಜ್ಜನೇ ಸಾಕಿದ ಹುಂಜದ ಸಾರು ಮಾಡಿದಳು. ಸತ್ತವರು ಉಣ್ಣುವ ಮೊದಲು ಅಡುಗೆಯ ರುಚಿ ನೋಡುವಂತಿಲ್ಲ. ಒಳಕೋಣೆಯಲ್ಲಿ ಬಾಳೆಲೆ ಹಾಕಿ ಬಡಿಸಿ, ಅಜ್ಜ ಉಣ್ಣಲಿ ಎಂದು ಬಾಗಿಲು ಮುಚ್ಚಿ, ನಾವೆಲ್ಲ ಜಗಲಿಯಲ್ಲಿ ಸದ್ದಿಲ್ಲದೆ ಕುಳಿತೆವು.

ಆಮೇಲೆ ನಮ್ಮ ಊಟ. ಅಪ್ಪ ಮೊದಲ ತುತ್ತು ಬಾಯಿಗಿಟ್ಟವರು ಅಲ್ಲಿಗೇ ನಿಲ್ಲಿಸಿದರು.

"ಉಪ್ಪು ಹಾಕಲಿಲ್ವಾ?"

ಅಮ್ಮ ಸೌಟು ಹಿಡಿದುಕೊಂಡೇ ನಿಂತಿದ್ದಳು. "ಅವರಿಗೆ ಅಂತ ಮಾಡಿದ್ದಲ್ವಾ, ಕೈಗೆ ಅದೇ ಅಭ್ಯಾಸ..."

"ಇನ್ನೆಂತ ಮಾಡುವುದು," ಅಪ್ಪ ಮುಚ್ಚಿದ ಬಾಗಿಲ ಕಡೆ ನೋಡಿದರು. "ಅವರದ್ದು ಉಂಡಾಯ್ತು."

ಅಮ್ಮ ಭರಣಿ ತಂದು ನಮ್ಮ ನಡುವೆ ಇಟ್ಟಳು. ಯಾರೂ ಅದಕ್ಕೆ ಕೈ ಹಾಕಲಿಲ್ಲ.