ವಾಲಿದ ಶಿಲುಬೆ

ಹಸಿ ಸುಣ್ಣದ ವಾಸನೆ ಎಂದರೆ ಮೇಸ್ತ್ರಿಗಳಿಗೆ ಬಾಲ್ಯ. ವರ್ಷಕ್ಕೊಮ್ಮೆ ಅಪ್ಪ ಡ್ರಮ್ಮಿನಲ್ಲಿ ಸುಣ್ಣ ಕಲಸುತ್ತಿದ್ದರು. ಇವರು ಮೆಟ್ಟಿಲ ಮೇಲೆ ಕುಳಿತು ಮೂಸುತ್ತಿದ್ದರು. ಕುಂಚ ಮುಟ್ಟಲು ಮಾತ್ರ ಅಪ್ಪ ಬಿಡಲಿಲ್ಲ. ಆ ಆಸೆ ತೀರಿದ್ದು ಅರವತ್ತೆರಡನೆಯ ವಯಸ್ಸಿನಲ್ಲಿ, ನೆರೆ ಬಂದಿಳಿದ ಊರೊಂದರಲ್ಲಿ, ಬೇರೆಯವರ ಗೋಡೆಯ ಮೇಲೆ.

‘ಮೇಸ್ತ್ರಿ’ ಎಂಬುದು ಚರ್ಚಿನ ಆ ಐದು ದಿನಗಳ ಸೇವಾಯಾತ್ರೆಯಿಂದ ಬಂದ ಬಿರುದು. ಅದಕ್ಕೆ ಮುಂಚೆ ಅವರು ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ಫೈಲುಗಳಿಗೆ ದಾರ ಕಟ್ಟಿದ್ದರು.

ಇಂದು ಆರಾಧನೆ ಮುಗಿದ ಮೇಲೆ ಚರ್ಚಿನ ಹಾಲಿನಲ್ಲಿ ಯಾತ್ರೆಯ ಅನುಭವ ಹಂಚಿಕೊಳ್ಳುವ ಸಭೆ. ಎರಡನೆಯ ಯಾತ್ರೆ ಹೊರಡಬೇಕೆ, ಹೊರಟರೆ ಮುಂದಾಳು ಯಾರು ಎಂಬುದನ್ನು ಸಭಾಪಾಲಕರು ಊಟಕ್ಕೆ ಮುಂಚೆ ಹೇಳಲಿದ್ದರು. ಅವರು ಕೇಳಿದ್ದು ಒಂದೇ: ಯಾತ್ರೆಯಲ್ಲಿ ಇವರು ರಿಪೇರಿ ಮಾಡಿಕೊಟ್ಟ ಮನೆಯಾಕೆಯಿಂದ ಎರಡು ಸಾಲು ಕಾಗದ. ಮೇಸ್ತ್ರಿಗಳ ಜೇಬಿನಲ್ಲಿ ಕಾಗದವೇನೋ ಇತ್ತು. ಇವರೇ ಆಕೆಗೆ ಬರೆದದ್ದು. ‘ಈ ವಿಳಾಸದಲ್ಲಿ ಯಾರೂ ಇಲ್ಲ’ ಎಂಬ ಷರಾ ಹೊತ್ತು ಮೊನ್ನೆ ವಾಪಸಾಗಿತ್ತು.

ಮಾತು ಶುರು ಮಾಡಲು ಮೇಸ್ತ್ರಿಗಳು ಗಂಟಲು ಸರಿಮಾಡಿಕೊಂಡರು. ಕೇಳುವ ಮೊದಲೇ ಪಕ್ಕದಲ್ಲಿ ಬಿಸಿನೀರಿನ ಲೋಟ ಬಂದು ಕೂತಿತು. ತಂದಿಟ್ಟವಳು ಚರ್ಚಿನ ಅಡುಗೆಮನೆಗೆ ಎರಡು ವಾರದ ಹಿಂದೆ ಸೇರಿದ ಹೆಂಗಸು. ಒಳ್ಳೆಯ ಆಳು ಸಿಕ್ಕಿದ್ದಾಳೆ ಎಂದುಕೊಂಡು, ತಲೆಯೆತ್ತದೆ ಕುಡಿದರು.

ಪರದೆಯ ಮೇಲೆ ಮೊದಲ ಫೋಟೋ ಬಂತು. ಬಿರುಕು ಬಿಟ್ಟ ಗೋಡೆ. ಬಾಗಿಲ ಪಕ್ಕದಲ್ಲಿ ಕೆಂಪು ಬಣ್ಣದ ಶಿಲುಬೆ, ಸ್ವಲ್ಪ ವಾಲಿತ್ತು.

“ಇಡೀ ಬೀದೀಲಿ ಇದೊಂದೇ ಮನೆ ಮೇಲೆ ಶಿಲುಬೆ ಇತ್ತು. ದೇವರೇ ಬೆರಳು ಮಾಡಿ ತೋರಿಸಿದ ಮನೆ! ಅಷ್ಟೊಂದು ನೀರು ನುಗ್ಗಿದ ಮೇಲೆ ಶಿಲುಬೆ ವಾಲದೆ ಇರುತ್ತಾ?”

“ಸ್ತೋತ್ರ,” ಎಂದಿತು ಸಭೆ.

ಎರಡನೆಯ ಫೋಟೋದಲ್ಲಿ ಮೇಸ್ತ್ರಿಗಳ ಕೈಯಲ್ಲಿ ಗಾರೆ ಬಳಿಯುವ ಕರಣೆ, ತಲೆಕೆಳಗಾಗಿ.

“ಮನೇಲಿ ಒಂದು ಮೊಳೆ ಹೊಡೆದೋರಲ್ಲ,” ಎಂದು ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿ ಪಕ್ಕದವಳ ಕಿವಿಯಲ್ಲಿ ಹೇಳಿದ್ದು ಹಿಂದಿನ ಸಾಲಿಗೂ ಕೇಳಿಸಿತು.

ಮೂರನೆಯದು ಗುಂಪು. ಹನ್ನೆರಡು ಜನ, ಹನ್ನೆರಡು ನಗು, ಚರ್ಚಿನ ಹೆಸರಿನ ಉದ್ದನೆಯ ಬ್ಯಾನರು. ಬ್ಯಾನರಿನ ಹಿಂದೆ ಯಾರದೋ ಸೀರೆಯ ಅಂಚು.

“ಮನೆಯಾಕೆ ಎಲ್ರೀ?” ಎಂದರು ಸಭಾಪಾಲಕರು.

“ಅದೇ ಸೀರೆ, ಅಯ್ಯನವರೇ. ಮುಖ ಸ್ವಲ್ಪ ಮರೆಯಾಗಿದೆ. ಎಂಥ ಸಂಕೋಚದ ಜೀವ ಅಂತೀರಿ! ಸುಣ್ಣ ಬಳಿಯೋಕೆ ಹೋದರೆ ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟರು. ‘ಬೇಡ ಸಾರ್, ಇಲ್ಲಿ ಬೇಡ’ ಅಂತ ಒಂದೇ ಸಮನೆ. ನಾವು ಬಿಡ್ತೀವಾ? ಭುಜ ಹಿಡಿದು ಆಚೆ ಕೂರಿಸಿ, ಜೋರಾಗಿ ಕೀರ್ತನೆ ಹಾಡ್ಕೊಂಡು ಕೆಲಸ ಮುಗಿಸಿದ್ವಿ. ಆ ವಾಲಿದ ಶಿಲುಬೇನ ಅಳಿಸಿ, ಅದೇ ಜಾಗದಲ್ಲಿ ನೆಟ್ಟಗೆ, ಚಿನ್ನದ ಬಣ್ಣದಲ್ಲಿ ಬರೆದ್ವಿ. ನೋಡಿ ಗಳಗಳ ಅತ್ತುಬಿಟ್ಟರು. ಆನಂದಬಾಷ್ಪ!”

ಹಲವರು ಕಣ್ಣೊರೆಸಿಕೊಂಡರು. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ಪರದೆ ನೋಡುತ್ತಿದ್ದ ಹೆಂಗಸು ಮಾತ್ರ ಒರೆಸಿಕೊಳ್ಳಲಿಲ್ಲ.

“ಕಾಗದ ಬಂತಾ?” ಸಭಾಪಾಲಕರು ಪಟ್ಟು ಬಿಡಲಿಲ್ಲ.

ಮೇಸ್ತ್ರಿಗಳು ಜೇಬಿನ ಮೇಲೆ ಕೈಯಿಟ್ಟುಕೊಂಡರು. “ಬರೆಯೋಕೆ ಬರಲ್ಲ ಪಾಪ. ಹೇಳಿ ಕಳಿಸಿದ್ದಾರೆ. ಅದೇ ಮನೇಲಿ ಹಾಯಾಗಿದ್ದಾರಂತೆ. ದಿನಾ ನಮ್ಮನ್ನ ನೆನೆಸ್ಕೊತಾರಂತೆ.”

“ನೆನೆಸ್ಕೊಳ್ದೆ ಇರ್ತಾರಾ,” ಎಂದಿತು ಬಾಗಿಲ ಕಡೆಯಿಂದ ಒಂದು ಮೆಲುದನಿ. ಚಪ್ಪಾಳೆಯಲ್ಲಿ ಯಾರಿಗೂ ಕೇಳಲಿಲ್ಲ.

ಎರಡನೆಯ ಯಾತ್ರೆ ನಿಕ್ಕಿಯಾಯಿತು. ಮುಂದಾಳು ಮೇಸ್ತ್ರಿಗಳೇ. ಈ ಸಲ ಐದು ಮನೆ, ಐದು ನೆಟ್ಟನೆಯ ಶಿಲುಬೆ. ಪ್ರಾರ್ಥನೆಯಾಗಿ ಜನ ತಟ್ಟೆ ಹಿಡಿದು ಸಾಲು ನಿಂತರು. ಗೆದ್ದವರ ಗತ್ತಿನಲ್ಲಿ ಮೇಸ್ತ್ರಿಗಳು ಕುರ್ಚಿಯಲ್ಲೇ ಉಳಿದರು.

ತಟ್ಟೆ ಅವರಿದ್ದಲ್ಲಿಗೇ ಬಂತು.

“ನಿಮ್ಮದು ಬೇರೆ ಮಾಡಿಟ್ಟಿದ್ದೀನಿ ಸಾರ್. ಉಪ್ಪು ಕಮ್ಮಿ.”

“ಭೇಷ್! ನಂಗೆ ಬಿ.ಪಿ. ಅಂತ ನಿಂಗ್ಯಾರಮ್ಮ ಹೇಳಿದ್ದು?”

“ನೀವೇ. ಐದು ದಿನಾನೂ ಹೇಳಿದ್ರಿ.”

ಮೇಸ್ತ್ರಿಗಳು ಮೊದಲ ಸಲ ತಲೆಯೆತ್ತಿದರು. ಪರಿಚಯದ ಮುಖವಲ್ಲ. ಸೀರೆಯ ಅಂಚು ಮಾತ್ರ ಈಗಷ್ಟೇ ಎಲ್ಲೋ ಕಂಡಂತಿತ್ತು.

ಆಕೆ ಅವರ ಮಡಿಲಿಗೆ ಟವೆಲ್ಲು ಹಾಸಿ, ತಟ್ಟೆಯನ್ನು ಮೆಲ್ಲಗೆ ಕೈಗಿಟ್ಟಳು. “ಅದು ಶಿಲುಬೆ ಅಲ್ಲ ಸಾರ್, ನೆರೆ ಸರ್ವೆಯವರು ಹಾಕಿದ್ದ ಇಂಟು ಮಾರ್ಕು, ಈ ಮನೆ ಕೆಡವಿ ಹೊಸದು ಕಟ್ಟಿಕೊಡ್ಬೇಕು ಅಂತ. ಅವರು ಮತ್ತೆ ಬಂದಾಗ ಮಾರ್ಕು ಕಾಣ್ಲಿಲ್ಲ, ಪಟ್ಟೀಲಿ ನನ್ನ ಹೆಸರು ಹೊಡೆದು ಹಾಕಿದ್ರು, ಮೊದಲನೇ ಮಳೆಗೆ ಗೋಡೆ ಬಿತ್ತು... ತಗೊಳ್ಳಿ, ಆರೋದ್ರೊಳಗೆ ಊಟ ಮಾಡಿ.”