ಬೀಗರ ವ್ಯಾನಿನ ಪರದೆ

ಮೊದಲ ಪರದೆ ಬಿಚ್ಚಿದ ಕೂಡಲೇ ಲಿಂಗರಾಜು ಮೂಗಿಗೆ ಟವೆಲ್ ಕಟ್ಟಿಕೊಂಡ.

ನಿರಿಗೆ ನಿರಿಗೆಯ ಸಂದಿನಲ್ಲೂ ಒಣಗಿದ ಗಲೀಜು. ಸುಣ್ಣದಂತೆ ಬಿಳಿ, ನಡುವೆ ಹಸಿರು. ಉಗುಳೋ, ವಾಂತಿಯೋ? ಉಗುರಿನಿಂದ ಕೆರೆದು ನೋಡಿದ. ಆಮೇಲೆ ಆ ಉಗುರನ್ನು ಮೂರು ಸಲ ತೊಳೆದ. ಮೊಟ್ಟೆ ಒಡೆದ ವಾಸನೆಗೇ ಹೊಟ್ಟೆ ತೊಳಸುವ, ಕೊರಳಲ್ಲಿ ಲಿಂಗ ಕಟ್ಟಿದ ದಾವಣಗೆರೆಯ ಜೀವ ಅದು.

ಬೇರೆಯವರ ವ್ಯಾನಾಗಿದ್ದರೆ ಬೈದು ಕಳಿಸುತ್ತಿದ್ದ. ಇದು ಬೀಗರಾಗಲಿರುವ ಸತ್ಯಮೂರ್ತಿಯವರದು. ಸಿನಿಮಾದವರಿಂದ ಕೊಂಡ ಕ್ಯಾರವಾನು: ಒಳಗೆ ಮಂಚ, ಸಿಂಕು, ಆರು ಕಿಟಕಿ, ಆರಕ್ಕೂ ಸೀರೆಯ ನಿರಿಗೆಯಂತೆ ಮಡಿಚಿಕೊಂಡು ಮೇಲೇರುವ ಪರದೆ. ಸಂಕ್ರಾಂತಿಗೆ ಮೂರು ದಿನವಿದೆ ಎನ್ನುವಾಗ ಡ್ರೈವರ್ ಕಾಮೇಶ್ವರ ಅದನ್ನು ವಿಶಾಖಪಟ್ಟಣದಿಂದ ವಿಜಯವಾಡದ ಆಟೋನಗರಕ್ಕೆ ತಂದು, ಲಿಂಗರಾಜುವಿನ ಸೀಟ್ ಕವರ್ ಅಂಗಡಿಯ ಮುಂದೆ ನಿಲ್ಲಿಸಿದ್ದ. ಬಟ್ಟೆ ಮುಚ್ಚಿದ ಬುಟ್ಟಿಯೊಂದನ್ನು ಬೇವಿನ ನೆರಳಿಗಿಟ್ಟು, ಪಕ್ಕದಲ್ಲೇ ಬೀಡಿ ಹಚ್ಚಿ ಕೂತಿದ್ದ.

ಹಬ್ಬದ ಮರುವಾರ ನಿಶ್ಚಿತಾರ್ಥ. ಮೂರು ಸಂಬಂಧ ಬೇಡವೆಂದ ಮಗಳು ಐಶ್ವರ್ಯಾ, ಸತ್ಯಮೂರ್ತಿಯವರ ಒಬ್ಬನೇ ಮಗ ಸಾಯಿತೇಜನಿಗೆ ಮಾತ್ರ ಹೂಂ ಅಂದಿದ್ದಳು. ಔಷಧಿ ಕಂಪನಿಯಲ್ಲಿ ಕೆಲಸ, ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಮನೆ. ಎಲ್ಲಕ್ಕಿಂತ ಮೇಲಾಗಿ, ಮನೆಮಂದಿಯೆಲ್ಲ ಅಪ್ಪಟ ಸಸ್ಯಾಹಾರಿಗಳು.

ಲಿಂಗರಾಜು ಹಳೆ ದಾರ ಎಳೆದ. ಸವೆದಿರಲಿಲ್ಲ, ಚೂಪಾದ ಏನೋ ಒಂದು ಸೀಳಿತ್ತು. ಬಟ್ಟೆಯಲ್ಲೂ ಅದೇ ಸೀಳು.

"ಇದೇನಪ್ಪ ಕಾಮೇಶ್ವರ, ಯಾರಿರೋ ಜಾಗ ಇದು?"

ಕಾಮೇಶ್ವರನ ತಾಯಿ ಬಳ್ಳಾರಿಯವಳು. ಅವನ ಕನ್ನಡಕ್ಕೆ ತೆಲುಗಿನ ಬಾಲ. "ಅವನೇ ಅಂಡಿ, ಇನ್ಯಾರು? ನಮ್ಮ ಯಜಮಾನಿ ದುರ್ಗಾಂಬಮ್ಮಗಾರು ಮನೆಯೊಳಗೆ ಸೇರಿಸಲ್ಲ. ಇಲ್ಲೇ ವಾಸ."

ಹೆತ್ತ ತಾಯಿಯೇ ಸೇರಿಸುವುದಿಲ್ಲ! ಲಿಂಗರಾಜು ಎಳೆಯುತ್ತಿದ್ದ ದಾರ ಅರ್ಧಕ್ಕೇ ನಿಂತಿತು.

"ಈ ಪರದೆ ಯಾರು ಹರಿದಿದ್ದು?"

"ಹೊರಗೆ ಇನ್ನೊಬ್ಬ ಕಂಡರೆ ಸಾಕು, ಮೈಮೇಲೆ ಬಂದಂಗೆ ಕಿಟಕಿಗೆ ಒದೀತಾನೆ. ಅದಕ್ಕೇ ಪರದೆ ಭದ್ರ ಇರಬೇಕು. ಯಜಮಾನರ ಪ್ರಾಣ ಅಂಡಿ ಅವನು."

ಸಿಂಕಿನ ಮೇಲೆ ತೆಲುಗಿನ ಚೀಟಿ ಅಂಟಿಸಿತ್ತು. ಇಪ್ಪತ್ತು ವರ್ಷ ಬಸ್ಸಿನ ಬೋರ್ಡು ಓದಿ ತೆಲುಗು ಕಲಿತ ಲಿಂಗರಾಜು ಕೂಡಿಸಿ ಓದಿದ: ಬೆಳಿಗ್ಗೆ ಈಜು. ಹನ್ನೆರಡು ಬಾದಾಮಿ. ಬಿಸಿನೀರಿನ ಕಾವು, ಮಾಲಿಶ್. ಮಧ್ಯಾಹ್ನ ಮಟನ್ ಖೀಮಾ.

"ಮಟನ್?"

"ಮೆತ್ತಗೆ ಹೇಳಿ. ಮನೇಲಿ ಗೊತ್ತಾದರೆ ಗಲಾಟೆ."

"ಹುಡುಗಿಯರ ವಿಷಯ?" ಲಿಂಗರಾಜು ಕೇಳಿಯೇಬಿಟ್ಟ.

ಕಾಮೇಶ್ವರ ನಕ್ಕ. "ಹಬ್ಬದವರೆಗೂ ಹೆಣ್ಣಿನ ಹತ್ತಿರ ಬಿಡಲ್ಲ ಅಂಡಿ, ಕಸುವು ಹೋಗುತ್ತೆ. ಹಬ್ಬ ಕಳೀಲಿ, ದಿನಕ್ಕೆ ನಾಲ್ಕಾದರೂ ಸರಿ."

ಹಬ್ಬ ಕಳೆದರೆ ನಿಶ್ಚಿತಾರ್ಥ. ಲಿಂಗರಾಜು ಮೂಗಿನ ಟವೆಲ್ ಇನ್ನಷ್ಟು ಬಿಗಿದುಕೊಂಡ. ಆದರೂ ಕೈ ಕೆಲಸ ಬಿಡಲಿಲ್ಲ. ಪರದೆ ತೊಳೆದು ಆರಿಸಿದ. ನಿರಿಗೆಯ ತೂತುಗಳಲ್ಲಿ ಹೊಸ ನೈಲಾನ್ ದಾರ ಪೋಣಿಸಿ, ಕೆಳಪಟ್ಟಿಗೆ ತಂದು, ಎರಡೂ ಬದಿ ಸಮನಾಗಿ ಬಿಗಿದು ಗಂಟು ಹಾಕಿದ. ಆರನೆಯದು ಮುಗಿದಾಗ ಸಂಜೆ ನಾಲ್ಕು. ಟವೆಲ್ ಬಿಚ್ಚಿ ಫೋನು ತೆಗೆದ.

"ಸತ್ಯಮೂರ್ತಿಯವರೇ, ಈ ಸಂಬಂಧ ನಮಗೆ ಬೇಡ." ಹುಡುಗಿ ನೋಡಲು ಬಂದಾಗ ಅವರು ಎಳೆದೆಳೆದು ಆಡಿದ ಮಾತನ್ನು ಅವರದೇ ದನಿಯಲ್ಲಿ ಅಣಕಿಸಿದ: "'ನಮ್ಮ ಹುಡುಗಾ ಮೊಟ್ಟೇನೂ ಮುಟ್ಟಿದವನಲ್ಲಾ ಬಾವಗಾರೂ.' ಮೊಟ್ಟೆ ಯಾಕೆ ಮುಟ್ಟುತ್ತಾನೆ, ಖೀಮಾ ಸಿಗುವಾಗ? ಹೊಲಸಿನಲ್ಲಿ ಹೊರಳುವವನಿಗೆ ನನ್ನ ಮಗಳನ್ನು ಕೊಡಲ್ಲ."

ಆ ಕಡೆ ಸತ್ಯಮೂರ್ತಿಯವರ ದನಿ ಗಡುಸಾಯಿತು. "ಸರಿ. ನನ್ನ ಮಗನನ್ನು ಇಷ್ಟು ಅಂದಮೇಲೆ ನಮಗೂ ಬೇಡ." ಫೋನು ಕಟ್ಟಾಯಿತು.

ಸ್ವಲ್ಪ ಹೊತ್ತಿಗೆ ಮತ್ತೆ ಮಿಣುಕಿತು: ಐಶ್ವರ್ಯಾ. ಅವನು ಎತ್ತಲಿಲ್ಲ. ಇಂದು ಅತ್ತರೂ ನಾಳೆ ಅಪ್ಪನನ್ನು ಹೊಗಳುತ್ತಾಳೆ.

ಕಾಮೇಶ್ವರ ಒಳಗೆ ಬಂದು ಪರದೆಗಳನ್ನು ಮೇಲೆ ಕೆಳಗೆ ಎಳೆದು ನೋಡಿದ. ಬಿಟ್ಟಲ್ಲೇ ನಿಂತವು. "ಒಳ್ಳೆ ಕೈ ಅಂಡಿ ನಿಮ್ಮದು. ಸಾಯಿತೇಜ ಬಾಬು ಮಾತ್ರ ಇದನ್ನು ನೋಡೋಕೂ ಬರಲ್ಲ. ಈ ವ್ಯಾನಿನ ವಾಸನೆಗೇ ವಾಂತಿ ಮಾಡ್ಕೋತಾರೆ, ಥೇಟ್ ನಿಮ್ಮಂಗೇ," ಎಂದು ನೆರಳಿನ ಬುಟ್ಟಿಯನ್ನು ಎತ್ತಿ ತಂದು ಬಟ್ಟೆ ಸರಿಸಿದ.

ಕೆಂಪು ಜುಟ್ಟಿನ, ಸಂಕ್ರಾಂತಿ ಪಂದ್ಯದ ಹುಂಜ ಹಾರಿ ಮಂಚವೇರಿತು, ಲಿಂಗರಾಜುವನ್ನು ಒಂದೇ ಕಣ್ಣಿನಿಂದ ಅಳೆಯಿತು, ಕತ್ತು ನೀಳಿಸಿ ಕೂಗಿತು.