ಎಂಟು ಸಾವಿರದ ಪಿಕಪ್

ಮದುವೆಯಾಗಿ ಐದು ತಿಂಗಳಾಗಿತ್ತು. ಗುರುಪಾದ ದಿನವೂ ಹೆಂಡತಿ ಸುನಂದಾಳನ್ನು ತಾಲ್ಲೂಕು ಆಸ್ಪತ್ರೆಗೆ ಬಿಟ್ಟು ತನ್ನ ಕೆಲಸಕ್ಕೆ ಹೋಗುತ್ತಿದ್ದ. ಆಕೆ ಅಲ್ಲಿ ನರ್ಸ್. ದಿಬ್ಬ ಬಂತೆಂದರೆ ಅವನ ಹಳೆಯ ಬೈಕು ಏದುಸಿರು ಬಿಡುತ್ತಿತ್ತು, ಕಬ್ಬಿನ ಟ್ರ್ಯಾಕ್ಟರುಗಳೂ ಹಿಂದೆ ಹಾಕಿ ಹೋಗುತ್ತಿದ್ದವು. ಹೊಸ ಹೆಂಡತಿಯ ಮುಂದೆ ಅವನಿಗೆ ನಾಚಿಕೆಯಾಗುತ್ತಿತ್ತು.

ಒಂದು ದಿನ ಮೌಲಾಸಾಬನ ಗ್ಯಾರೇಜಿಗೆ ಹೋದ. "ಎಂಟು ಸಾವಿರದಾಗ ಇದು ಓಡೂವಂಗ ಮಾಡ್ರಿ. ಹೊಸಾ ಸೈಲೆನ್ಸರೂ ಹಾಕ್ರಿ."

"ಹಂಗಾರ ಹೊಸಾ ಸೈಲೆನ್ಸರ್ ಆಸೆ ಬಿಡ್ರಿ, ಅದು ಬರೇ ಸಪ್ಪಳ," ಎಂದ ಮೌಲಾಸಾಬ. "ಆ ರೊಕ್ಕ ಇಂಜಿನ್ನಿನ ಬೋರು, ಪಿಸ್ಟನ್, ಕಾರ್ಬುರೇಟರಿಗೆ ಹಾಕೂಣು. ಪಿಕಪ್ ಬರತೈತಿ."

ಬಂತು. ಮುಕ್ಕಾಲು ತಾಸಿನ ದಾರಿ ಇಪ್ಪತ್ತೈದು ನಿಮಿಷಕ್ಕೆ ಇಳಿಯಿತು. ದಿಬ್ಬದಲ್ಲಿ ಗುರುಪಾದ ಬಸ್ಸನ್ನೂ ಹಿಂದೆ ಹಾಕಿದ. ಸುನಂದಾ ಅವನ ಸೊಂಟ ಹಿಡಿದು ಸುಮ್ಮನೆ ಕೂತಿದ್ದಳು. ಬೆರಗಾಗಿದ್ದಾಳೆ ಎಂದುಕೊಂಡ.

ವಾರವಾದರೂ ಆಕೆ ದಾರಿಯಲ್ಲಿ ಮಾತಾಡಲಿಲ್ಲ. ಆಸ್ಪತ್ರೆಯ ಗೇಟಿನ ಮುಂದೆ ಅವನೇ ಕೇಳಿದ, "ಯಾಕ, ಹೆದರಿಕಿ ಆಗತೈತೇನು?"

"ಹೆದರಿಕಿ ಅಲ್ರಿ. ನಾ ಏನರ ಅಂದ್ರ ಗಾಳಿಗೆ ನಿಮಗ ಕೇಳೂದಿಲ್ಲ. ಮತ್ತೊಮ್ಮೆ ಹೇಳೂದರಾಗ ಆಸ್ಪತ್ರಿ ಬಂದಿರತೈತಿ." ಆಕೆ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡಳು. "ಮನ್ಯಾಗ ಒಂಬತ್ತು ಮಂದಿ ಅದೀವಿ. ನಾವಿಬ್ಬರ ಮಾತಾಡಾಕ ಇದ್ದದ್ದು ಈ ದಾರಿ ಒಂದ."

ಗುರುಪಾದ ಬೈಕಿನ ಇಂಜಿನ್ ಆರಿಸಿದ.

"ಮೊದಲಿನಂಗ ಮಾಡಾಕ ಎಷ್ಟು ತಗೋತಾರ, ಕೇಳಿ ಬರ್ರಿ," ಎಂದಳು.